ನನ್ನ ಕುತ್ತಿಗೆ, ಭಾವಮೈದುನನ ಮೀಸೆ

ಊರಿನ ಅರ್ಧ ಗಂಡಸರ ತಲೆ ನನ್ನ ಕೈಯಲ್ಲಿದೆ. (ಜಂಬವಲ್ಲ, ನನ್ನದು ಸಲೂನು.) ಕೂದಲು ಕತ್ತರಿಸಿ, ಮೀಸೆ ತಿದ್ದಿ, ಕೊನೆಗೆ ಗಲ್ಲ ಹಿಡಿದು ಲಟಕ್ಕನೆ ಕುತ್ತಿಗೆಯ ನಟಿಕೆ ಮುರಿದರೆ ಗಿರಾಕಿ "ಹಾ!" ಎಂದು ಕಣ್ಣು ಮುಚ್ಚುತ್ತಾನೆ. ಅಂಥ ನನ್ನ ಕುತ್ತಿಗೆಯೇ ಎರಡು ವರ್ಷದಿಂದ ನೋವು ತಿಂದು, ಒಂದು ಪಕ್ಕಕ್ಕೆ ವಾಲಿ, ಕೊರಡಾಗಿತ್ತು. ನಾನು ಸದಾ ಗೋಡೆಗೆ ಕಿವಿ ಕೊಟ್ಟಿರುತ್ತೇನೆಂದು ಪಕ್ಕದ ಮನೆಯವರು ಮಾತು ಬಿಟ್ಟಿದ್ದರು.

"ಫಿಸಿಯೋಥೆರಪಿಗೆ ಹೋಗ್ರೀ ಅಂದ್ರೆ ಕೇಳಲ್ಲ," ಎಂದಳು ಹೆಂಡತಿ.

"ಊರಿಗೆಲ್ಲ ನಟಿಕೆ ತೆಗೆಯೋನು ಇನ್ನೊಬ್ಬರಿಗೆ ಕುತ್ತಿಗೆ ಕೊಡ್ಲಾ?"

"ಕೊಡ್ಬೇಡಿ. ನನ್ನ ತಮ್ಮನ ಮೀಸೆ ನೋಡಿ, ಎಷ್ಟು ಸೊಟ್ಟಗೆ ಕತ್ತರಿಸಿದ್ದೀರಾ!"

"ಮೀಸೆ ನೆಟ್ಟಗೇ ಇದೆ. ನಿನ್ನ ತಮ್ಮನ ಮೂತಿ ಸೊಟ್ಟ."

ಎರಡು ದಿನ ಮನೆಯಲ್ಲಿ ಉಪ್ಪಿಲ್ಲದ ಸಾರು. ಮೂರನೆಯ ದಿನ ಹೆಂಡತಿಯ ಹಿಂದೆ ತೆಪ್ಪಗೆ ಫಿಸಿಯೋಥೆರಪಿಗೆ ಹೋದೆ.

ಅಲ್ಲಿನ ಡಾಕ್ಟರಮ್ಮ ಕಡ್ಡಿಯಂಥ ಹುಡುಗಿ. ಈಕೆ ಏನು ನಟಿಕೆ ಮುರಿದಾಳು ಎಂದುಕೊಂಡೆ. ನನ್ನನ್ನು ಮಲಗಿಸಿ, ಬುರುಡೆಯ ಬುಡದಲ್ಲಿ ಎರಡು ಬೆರಳಿಟ್ಟು ಸುಮ್ಮನೆ ನಿಂತಳು. ನಾನು ಆ 'ಲಟಕ್'ಗಾಗಿ ಕಾದೆ. ಬರಲಿಲ್ಲ.

"ಇದನ್ನ ದಿನಾ ತಿರುಚೋರು ಯಾರು?" ಎಂದಳು.

"ಅವರೇ. ಬೆಳಿಗ್ಗೆ ಎದ್ದ ತಕ್ಷಣ, ಕನ್ನಡಿ ಮುಂದೆ," ಎಂದಳು ಮೂಲೆಯ ಕುರ್ಚಿಯಿಂದ ಹೆಂಡತಿ.

ಬೆರಳಿಗೆ ಇದೆಲ್ಲ ಹೇಗೆ ತಿಳಿಯಿತು! ಇಪ್ಪತ್ತು ವರ್ಷ ತಲೆ ಹಿಡಿದವನು ನಾನು. ಒಂದು ತಲೆಯೂ ನನ್ನ ಕೈಗೆ ಗುಟ್ಟು ಹೇಳಿರಲಿಲ್ಲ. ಅಷ್ಟರಲ್ಲಿ ಒಳಗೆಲ್ಲೋ ಒಂದು ಗಂಟು ಬೆಣ್ಣೆಯಂತೆ ಕರಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಳು ಬಂತು. ಆ ಕೈಗಳಿಗೆ ಕೈಮುಗಿಯಬೇಕೆನಿಸಿತು.

ಆರು ವಾರ ಹೀಗೇ ನಡೆಯಿತು. ಕೊನೆಯ ದಿನ ಕುತ್ತಿಗೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ನಟ್ಟನಡುವೆ ನೆಟ್ಟಗೆ ನಿಂತಿತು.

"ಇನ್ನು ತಲೆ ಎತ್ತಿ ನಡೀರಿ," ಎಂದಳು ಡಾಕ್ಟರಮ್ಮ.

ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಗತ್ತಿನಲ್ಲಿ ಬೀದಿಗಿಳಿದೆ, ಹಿಂದೆ ಹೆಂಡತಿ. ಬಾಗಿಲ ಕಾವಲುಗಾರ ಸಲಾಂ ಹೊಡೆದ. ಪಾಪ, ಅವನ ಮೀಸೆ ಒಂದು ಕಡೆ ಇಳಿದಿತ್ತು. ಎದುರಿನ ಟೈಲರದ್ದೂ ಅದೇ ಕಡೆಗೆ ಇಳಿದಿತ್ತು. ಪೋಸ್ಟ್‌ಮ್ಯಾನ್‌ನದ್ದೂ! ಎಲ್ಲರೂ ನನ್ನ ಗಿರಾಕಿಗಳು. ವಾಲಿದ ತಲೆಯಿಂದ ಅಳೆದು, ಎರಡು ವರ್ಷ ಇಡೀ ಬೀದಿಯ ಮೀಸೆಯನ್ನು ನನ್ನ ಓರೆಗೇ ಕತ್ತರಿಸಿದ್ದೆ.

"ಒಂದು ಮಾತು ಹೇಳ್ಬಾರ್ದಿತ್ತೇನ್ರೀ?" ಎಂದು ಟೈಲರನ್ನು ಕೇಳಿದೆ.

"ನೀವು ಅನುಭವಸ್ಥರು. ನನ್ನ ಮುಖವೇ ಓರೆ ಇರ್ಬೇಕು ಅಂದ್ಕೊಂಡೆ," ಎಂದರು.

ಅಷ್ಟರಲ್ಲಿ ನಮ್ಮನ್ನು ಕರೆದೊಯ್ಯಲು ಭಾವಮೈದುನ ಬಂದ. ಮೀಸೆ ಓರೆ. ಮೂತಿ ಮಾತ್ರ ದಾರ ಹಿಡಿದು ಗೆರೆ ಎಳೆದಷ್ಟು ನೆಟ್ಟಗಿತ್ತು. ನಾನು ಮೆಲ್ಲಗೆ ತಲೆ ತಗ್ಗಿಸಿದೆ.

"ಡಾಕ್ಟ್ರಮ್ಮ ಏನ್ ಹೇಳಿದ್ರು?" ಎಂದಳು ಹೆಂಡತಿ. "ತಲೆ ಎತ್ರೀ. ಎತ್ತಿ, ಚೆನ್ನಾಗಿ ನೋಡಿ."