ಬಣ್ಣ ಹಚ್ಚಿಯೇ ಬಂದ ಸೈನ್ಯ

ನಮ್ಮ ಅತ್ತೆಯ ಮನೆಯಲ್ಲಿ ರಾಕ್ಷಸರಿದ್ದಾರೆ. ಅವರ ಗಂಡ ಮಾಮಾನ ಕಡೆಯ ನೆಂಟರ ವಿಷಯವಲ್ಲ ನಾನು ಹೇಳುತ್ತಿರುವುದು! ಹೆಬ್ಬೆರಳಿನಷ್ಟು ಎತ್ತರದ, ಪ್ಲಾಸ್ಟಿಕ್ಕಿನ, ಕಾರ್ಖಾನೆಯಲ್ಲೇ ಬಣ್ಣ ಹಚ್ಚಿಸಿಕೊಂಡು ಪೆಟ್ಟಿಗೆಯೊಳಗೆ ಕೂತು ಬರುವ ರಾಕ್ಷಸರು. ಅವರ ಜೊತೆಗೆ ಈಟಿ ಹಿಡಿದ ಸೈನಿಕರು, ಗಡ್ಡದ ಮಾಂತ್ರಿಕರು, ರೆಕ್ಕೆ ಬಿಚ್ಚಿದ ಒಂದು ಡ್ರ್ಯಾಗನ್. ಮೇಜಿನ ಮೇಲೆ ಚೌಕಗಳ ಹಾಳೆ ಹಾಸಿ, ಇವರನ್ನೆಲ್ಲ ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುತ್ತಾರೆ. ಆಡುವವರು ಯಾರು ಅಂದಿರಾ? ಅಥಣಿಯ ದ್ರಾಕ್ಷಿ ತೋಟದ ಯಜಮಾನಿ, ನಮ್ಮಪ್ಪನ ಅಕ್ಕ, ಮೊಮ್ಮಕ್ಕಳ ಮದುವೆಯ ಮಾತು ನಡೆಯುತ್ತಿರುವ ನನ್ನ ಸೋದರತ್ತೆ!

ಶುರುವಾದದ್ದು ಕೊಲ್ಲಾಪುರದಲ್ಲಿ. ಸೀರೆ ಕೊಳ್ಳಲು ಮಾಮಾ ಜೊತೆ ಹೋದವರು, ಪಕ್ಕದ ಆಟಿಕೆ ಅಂಗಡಿಯ ಗಾಜಿನ ಮುಂದೆ ನಿಂತುಬಿಟ್ಟರಂತೆ. ಒಳಗಿನಿಂದ ಡ್ರ್ಯಾಗನ್ ಇವರನ್ನೇ ನೋಡುತ್ತಿತ್ತು.

“ರೀ, ಅದರ ಕಣ್ಣ ನೋಡ್ರಿ! ಕರೀ ಗುಡ್ಡಿ ಐತಿ, ಗುಡ್ಡ್ಯಾಗ ಬೆಳ್ಳಗ ಒಂದು ಚುಕ್ಕಿ ಐತಿ. ಜೀವ ಐತಿ ಅದಕ್ಕ!”

ಸೀರೆ ಅಂಗಡಿಯಲ್ಲೇ ಉಳಿಯಿತು, ಡ್ರ್ಯಾಗನ್ ಅಥಣಿಗೆ ಬಂತು. ಬಸ್ಸಿನಲ್ಲಿ ಅದಕ್ಕೆ ಸೀಟು ಬಿಟ್ಟುಕೊಟ್ಟು ಮಾಮಾ ನಿಂತುಕೊಂಡೇ ಬಂದರು ಎಂಬುದು ಮಾತ್ರ ನಮ್ಮಪ್ಪ ಸೇರಿಸಿದ ಸುಳ್ಳು.

ನಾನು ಎರಡಕ್ಷರ ಕಲಿತವನಲ್ಲವೇ? ಒಮ್ಮೆ ಉಪದೇಶಕ್ಕೆ ಇಳಿದೆ. “ಅತ್ತಿ, ಬಣ್ಣ ಹಚ್ಚಲಾರದ ಗೊಂಬಿ ಸಿಗ್ತಾವ. ತಂದು ಕುಂಚ ಹಿಡದು ನಾವ ಬಣ್ಣ ಹಚ್ಚೂದು. ಖರೇ ಹವ್ಯಾಸ ಅಂದ್ರ ಅದು.”

ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. “ಲೇ ತಮ್ಮಾ, ಹಸದು ಖಾನಾವಳಿಗೆ ಹೋಗಿ ಕುಂತಿ. ಅವ ಒಂದು ಬುಟ್ಟಿ ಹಿಟ್ಟು ತಂದಿಟ್ಟು ‘ರೊಟ್ಟಿ ನೀವ ಬಡ್ಕೊಳ್ರಿ’ ಅಂದ್ರ ಏನ್ ಮಾಡ್ತಿ?”

“ಎದ್ದು ಬರ್ತೇನಿ.”

“ಹಾಂ. ನಾನೂ ಎದ್ದು ಬಂದೇನಿ.”



ಹಾಗಂತ ಬಣ್ಣ ಹಚ್ಚಿ ಬಂದದ್ದೆಲ್ಲ ಅವರಿಗೆ ಒಪ್ಪಿಗೆ ಎಂದು ತಿಳಿಯಬೇಡಿ. ದ್ರಾಕ್ಷಿ ಎಲೆಯ ಹಿಂದಿನ ಕೀಟ ನೋಡುವ ಭೂತಗನ್ನಡಿ ಇದೆಯಲ್ಲ, ಅದರ ಕೆಳಗೆ ಪ್ರತಿಯೊಬ್ಬ ಸೈನಿಕನೂ ಹಾಜರಾಗಬೇಕು. ಬೆಲ್ಟಿನ ಬಣ್ಣ ಪ್ಯಾಂಟಿಗೆ ಇಳಿದಿದ್ದರೆ ಅವನು ನಪಾಸು. ಮೂಗಿನ ಮೇಲೆ ಮೀಸೆ ಬಂದಿದ್ದರೂ ನಪಾಸು. ಒಮ್ಮೆ ಒಬ್ಬನ ಹುಬ್ಬು ಹಣೆಯ ನಡುವಿಗೆ ಏರಿತ್ತೆಂದು ಕೊಲ್ಲಾಪುರದ ಅಂಗಡಿಯವನಿಗೆ ಫೋನೇ ಮಾಡಿದರು. ಅವನು ನಿಪ್ಪಾಣಿ ಕಡೆಯವನು, ಕನ್ನಡ ಬಲ್ಲವನು.

“ಬಾಯಾರ, ಯುದ್ಧದಾಗ ಹುಬ್ಬು ಯಾರ ನೋಡ್ತಾರ್ರಿ?”

“ಸಾಯಾಂವ ನೋಡ್ತಾನ! ಕಡೀಕ ಅವಗ ಕಾಣೂದು ಎದುರಿಗಿದ್ದಾಂವನ ಮಾರೀನ ಅಲ್ಲೇನ?”

ಮುಂದಿನ ವಾರ ಬೇರೆ ಸೈನಿಕ ಬಂದ, ನೆಟ್ಟಗಿನ ಹುಬ್ಬಿನವನು.

ಇನ್ನು ಚಹಾದ ಪ್ರಸಂಗ. ಪೆಟ್ಟಿಗೆಯಲ್ಲಿ ಒತ್ತಿಕೊಂಡು ಬಂದ ಈಟಿಗಳು ಬಾಗಿರುತ್ತವೆ. ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿದರೆ ಸರಿಹೋಗುತ್ತವೆ. ಒಂದು ಬೆಳಿಗ್ಗೆ ಅತ್ತೆ ಪಾತೇಲಿಯಲ್ಲಿ ನೀರು ಕಾಯಿಸಿ, ಒಬ್ಬ ಸೈನಿಕನನ್ನು ಅದರೊಳಗೆ ಇಳಿಸಿ, ತಣ್ಣೀರು ತರಲು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಒಣದ್ರಾಕ್ಷಿ ಕೊಳ್ಳಲು ಸಾಂಗಲಿಯ ವ್ಯಾಪಾರಿ ಬಂದ. ಒಳಗೆ ಬಂದ ಮಾಮಾ ಒಲೆಯ ಮೇಲೆ ನೀರು ಸಿದ್ಧವಿರುವುದನ್ನು ಕಂಡು, ಹೆಂಡತಿಯ ಮುಂದಾಲೋಚನೆಗೆ ಮೆಚ್ಚಿ, ಪುಡಿ, ಸಕ್ಕರೆ, ಹಾಲು ಎಲ್ಲ ಸುರಿದು ಕುದಿಸಿಬಿಟ್ಟರು. ಚಹಾ ಸೋಸುವ ಗಾಳಣಿ ಹುಡುಕುವ ತಾಳ್ಮೆ ಅವರಿಗೆಲ್ಲಿಯದು? ಹಾಗೇ ಬಗ್ಗಿಸಿ ಕೊಟ್ಟರು. ವ್ಯಾಪಾರಿ ಎರಡು ಗುಟುಕು ಕುಡಿದ. ಮೂರನೆಯದಕ್ಕೆ ತುಟಿಗೆ ಈಟಿ ಚುಚ್ಚಿತು.

“ಅಹೋ! ಚಹಾತ ಕೋಣ್ ಆಹೇ?”

ಚಹಾದಲ್ಲಿ ಏನಿದೆ ಅಂತಲ್ಲ, ಯಾರಿದ್ದಾರೆ ಅಂತ! ಅತ್ತೆ ಓಡಿ ಬಂದು ಕಪ್ಪಿನಿಂದ ಸೈನಿಕನನ್ನು ಎತ್ತಿ, ಸೆರಗಿನಿಂದ ಒರೆಸಿ, ವ್ಯಾಪಾರಿಯ ಮೂಗಿನ ಮುಂದೆ ಹಿಡಿದರು. “ನೋಡ್ರಿ, ಕುದಿಯೂ ಚಹಾದಾಗ ಮುಳಗಿ ಎದ್ದಾನ, ಎಳ್ಳಷ್ಟರ ಬಣ್ಣ ಬಿಟ್ಟಾನೇನ? ಮಾಲು ಅಂದ್ರ ಹಿಂಗಿರಬೇಕು!”

ಇಂಥ ಸೈನ್ಯದ ಎದುರು ಇನ್ನೊಂದು ಸೈನ್ಯ ನಡೆಸುವವರು ಬೇಕಲ್ಲ? ಮಾಮಾನೇ ಖಾಯಂ ಶತ್ರು. ಆಟದ ದಾಳಕ್ಕೆ ಇಪ್ಪತ್ತು ಮುಖ. ದೊಡ್ಡ ಸಂಖ್ಯೆ ಬಿದ್ದರೆ ಎದುರಿನವ ಸತ್ತ, ಸಣ್ಣದು ಬಿದ್ದರೆ ಏಟು ಖಾಲಿ. ಅತ್ತೆ ಎಂದೂ ಒಂದು ಅಂಕಿಯನ್ನೂ ಬಿಟ್ಟುಕೊಟ್ಟವರಲ್ಲ. ಮಾಮಾ ಎಂದೂ ಗೆದ್ದವರಲ್ಲ.

ಹೋದ ವರ್ಷ ಮಾಮಾಗೆ ಎದೆನೋವು ಬಂತು. ಮಿರಜಿನ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ಆಪರೇಶನ್ ಆಗಬೇಕೆಂದರು ಡಾಕ್ಟರು. ಮೊದಲೇ ಮಾತು ಕಡಿಮೆಯ ಮನುಷ್ಯ, ಈಗ ಗೋಡೆ ನೋಡುತ್ತಾ ಮಲಗಿಬಿಟ್ಟರು. ಬಂಧುಗಳು ಎಳನೀರು ತಂದರು, ಗುಡಿಯಿಂದ ಅಂಗಾರದ ಬೂದಿ ತಂದರು, ಕೆಲವರು ಬರೀ ಅಳು ತಂದರು. ಅತ್ತೆ ಮಾತ್ರ ಚೀಲದಿಂದ ಚೌಕಗಳ ಹಾಳೆ ತೆಗೆದು, ಮಂಚದ ಪಕ್ಕದ ಊಟದ ಮೇಜಿನ ಮೇಲೆ ಹಾಸಿ, ಸೈನಿಕರನ್ನು ನಿಲ್ಲಿಸತೊಡಗಿದರು.

ನನಗೆ ಸಿಟ್ಟು ಬಂತು. “ಅತ್ತಿ, ಇದೇನು ಆಟ ಆಡೂ ಹೊತ್ತೇನ?”

“ನೀ ಸುಮ್ಮನಿರು.”

ಮಾಮಾ ಗೋಡೆಯಿಂದ ಮೇಜಿನ ಕಡೆ ಹೊರಳಿದರು. ಆಮೇಲೆ ನಿಧಾನವಾಗಿ ಎದ್ದು ಕೂತರು. ಆಟ ಅರ್ಧಕ್ಕೆ ಬಂದಾಗ ಆಪರೇಶನ್ನಿಗೆ ಒಯ್ಯಲು ಸ್ಟ್ರೆಚರ್ ಬಂತು. ಮಾಮಾ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು.

“ಆಟ ಹಿಂಗ ಇರ್ತೈತಿ,” ಎಂದರು ಅತ್ತೆ. “ಯಾರೂ ಮುಟ್ಟಂಗಿಲ್ಲ. ಬಂದ ಮ್ಯಾಲ ನಿಮ್ಮ ಸರದಿ.”

ಮಾಮಾ ಐಸಿಯುವಿನಲ್ಲಿದ್ದಷ್ಟು ದಿನ ಅತ್ತೆ ಆ ಮೇಜಿನ ಕಾವಲು ಬಿಡಲಿಲ್ಲ. ಕಸ ಗುಡಿಸುವಾಕೆ ಸುತ್ತು ಹಾಕಿಯೇ ಗುಡಿಸಿದಳು, ನರ್ಸು ಔಷಧಿಯ ತಟ್ಟೆಯನ್ನು ಕಿಟಕಿಯ ಮೇಲಿಟ್ಟಳು. ಅತ್ತೆ ಊಟ ಮಾಡಿದರೋ ಇಲ್ಲವೋ, ಸೈನಿಕರ ಮೇಲಿನ ಧೂಳನ್ನಂತೂ ಉಫ್ ಎಂದು ಊದುತ್ತಿದ್ದರು.

ಕೊನೆಗೆ ಮಾಮಾನನ್ನು ಕೋಣೆಗೆ ಕರೆತಂದರು. ಅರ್ಧ ಇಳಿದುಹೋಗಿದ್ದರು. ಸುತ್ತ ಕಣ್ಣಾಡಿಸಿ, ಮೇಜಿನ ಕಡೆ ಮುಖ ಮಾಡಿ, ಕೇಳಿಯೂ ಕೇಳದಂಥ ದನಿಯಲ್ಲಿ ಹೇಳಿದರು. “ನನ್ನ ಸರದಿ ಅಲ್ಲಾ?”

“ಹೌದ್ರಿ. ನಿಮ್ಮದ.”

ಅತ್ತೆ ಅವರ ಅಂಗೈಯಲ್ಲಿ ದಾಳ ಇಟ್ಟರು. ಅದು ತಾನೇ ಜಾರಿ ಬಿತ್ತು. ನಾನು ಬಗ್ಗಿ ನೋಡಿದೆ: ಮೂರು. ಅತ್ತೆಯೂ ನೋಡಿದರು.

“ಇಪ್ಪತ್ತು ಬಿತ್ರೀ! ನನ್ನ ರಾಕ್ಷಸ ಸತ್ತಾ!” ಎಂದು ತಮ್ಮ ಕೈಯಾರೆ ರಾಕ್ಷಸನನ್ನು ಮಲಗಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮಾಮಾ ನಕ್ಕರು. ಅವರ ಕನ್ನಡಕ ನನ್ನ ಜೇಬಿನಲ್ಲಿತ್ತು. ನಾನು ಅದನ್ನು ತೆಗೆಯಲಿಲ್ಲ.