ಗುರುಸಂಗಪ್ಪನ ಕಾರಿನೊಳಗಿನ ಗುಬ್ಬಿ

ಕೊಟ್ಟೂರಿನ ಬಟ್ಟೆ ಅಂಗಡಿಯ ಗುರುಸಂಗಪ್ಪನಿಗೆ ಬದುಕಿನಲ್ಲಿ ಬೇರೆ ಚಿಂತೆ ಇರಲಿಲ್ಲ ಎಂದಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಲೆ ಉಳಿದ ಚಿಂತೆಗಳೆಲ್ಲ ನಾಚಿಕೊಂಡು ಮೂಲೆ ಸೇರಿದ್ದವು. ಕೀಲಿ ತಿರುಗಿಸಿದರೆ ಸಾಕು, ಬಾನೆಟ್ಟಿನೊಳಗಿಂದ "ಚೀಂವ್, ಚೀಂವ್" ಎಂದು ಗುಬ್ಬಿ ಕೂಗಿದ ಸದ್ದು. ಬಸ್‌ಸ್ಟ್ಯಾಂಡಿನ ಜನ ಹಾರ್ನ್ ಇಲ್ಲದೆಯೇ ದಾರಿ ಬಿಡುತ್ತಿದ್ದರು.

ಊರು ನಕ್ಕರೆ ನಗಲಿ. ಭಾನುವಾರ ಚಿಗಟೇರಿಯಲ್ಲಿ ಬಾಮೈದ ಅಮರೇಶನ ಹಿಟ್ಟಿನ ಗಿರಣಿಯ ಆರಂಭ. "ಹಳೇ ಕಾರು ಬ್ಯಾಡ ಮಾಮಾ, ಮಂದಿ ಬಿಟ್ಟ ತಲಿನೋವು ಅದು" ಎಂದು ಅಂದೇ ಎಚ್ಚರಿಸಿದ ಮಹಾಶಯ ಅವನೇ. ಅವನ ಬಾಗಿಲಿಗೆ ಚೀಂವ್‌ಗುಡುತ್ತ ಹೋಗಿ ಇಳಿಯುವುದೆಂದರೆ ಗುರುಸಂಗಪ್ಪನಿಗೆ ಜೀವ ಹೋದಂತೆ.

"ಬಸ್ಸಿಗೆ ಹೋಗೂಣು ಬಿಡ್ರಿ" ಎಂದಳು ಹೆಂಡತಿ ಕೊಟ್ರಬಸಮ್ಮ.

"ಕಾರ್ ಇಟ್ಕಂಡು ಬಸ್ಸಿಗಾ? ನಿನ್ನ ತಮ್ಮನ ಕಣ್ಣು ಬಿದ್ದೈತಿ ಇದಕ್ಕ."

"ಬಾನೆಟ್ ಮುಚ್ಚಿರ್ತೈತಿ. ಕಣ್ಣು ಒಳಗ ಹೆಂಗ ಹೋಗತೈತಿ?"

ಕಣ್ಣು ಹೋಗುವ ದಾರಿ ಅವನಿಗೂ ಗೊತ್ತಿರಲಿಲ್ಲ. ಆದರೆ ಪುರಾವೆ ಇತ್ತು. ಹರಪನಹಳ್ಳಿಯಲ್ಲಿ ಹೊಸ ಬೆಲ್ಟ್ ಹಾಕಿಸಿದ, ಹಗರಿಬೊಮ್ಮನಹಳ್ಳಿಯಲ್ಲಿ ಅದನ್ನು ಬಿಗಿ ಮಾಡಿಸಿದ, ಯಾರೋ ಹೇಳಿದರೆಂದು ಸೋಪನ್ನೂ ತಿಕ್ಕಿದ (ಹೆಂಡತಿಯ ಮೈಸೋಪು, ಅದರ ಜಗಳ ಬೇರೆ). ಪ್ರತಿ ಸಲವೂ ಕೆಲವು ದಿನ ಸುಮ್ಮನಿದ್ದ ಗುಬ್ಬಿ, ಅಮಾವಾಸ್ಯೆ ಕಳೆದ ಮರುದಿನವೇ ಮತ್ತೆ ಬಾಯಿ ಬಿಡುತ್ತಿತ್ತು. ದೃಷ್ಟಿಯಲ್ಲದೆ ಇನ್ನೇನು?

ಶನಿವಾರ ಸುಸ್ತಾದ ಮುಖ ಹೊತ್ತು ಕೂಡ್ಲಿಗಿಯ ಮೆಕ್ಯಾನಿಕ್ ಹುಲುಗೇಶನ ಮುಂದೆ ನಿಂತ. ಗಂಡ ಅರ್ಧ ವಿಷಯ ನುಂಗುತ್ತಾನೆಂದು ಕೊಟ್ರಬಸಮ್ಮನೂ ಬಂದಿದ್ದಳು.

ಹುಲುಗೇಶ ಇಂಜಿನ್ ಚಾಲೂ ಮಾಡಿಸಿ, ಓಡುತ್ತಿದ್ದ ಬೆಲ್ಟಿನ ಮೇಲೆ ದೂರದಿಂದಲೇ ಒಂದು ಚೊಂಬು ನೀರು ಚಿಮುಕಿಸಿದ. ಸದ್ದು ನಿಂತಿತು. ಗುರುಸಂಗಪ್ಪ ಕೈಮುಗಿಯುವಷ್ಟರಲ್ಲಿ ಮತ್ತೆ ಚೀಂವ್.

"ಬೆಲ್ಟ್ ಸಡ್ಲಿದ್ರ ನೀರು ಬಿದ್ದಕೂಡ್ಲೆ ಇನ್ನಾ ಜೋರು ಚೀರ್ತಿತ್ರಿ" ಎಂದ ಹುಲುಗೇಶ. "ಇದು ಸುಮ್ನಾಗಿ ಮತ್ತ ಶುರುವಾತು. ತಪ್ಪು ಬೆಲ್ಟಿಂದಲ್ಲ, ಅದು ಓಡೋ ಗಾಲಿದು, ಪುಲ್ಲಿದು."

ಇಂಜಿನ್ ಆರಿಸಿ ಬೆಲ್ಟ್ ಕಳಚಿ, ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡನ್ನು ಸ್ಕ್ರೂಡ್ರೈವರಿನಿಂದ ಕೆರೆದ. ಬೆಳ್ಳಗಿನ ಹಕ್ಕಳೆ ಉದುರಿತು. ಮೂಸಿ ನೋಡಿದ.

"ಸಾವ್ಕಾರ್ರ, ಇದು ವಿಭೂತಿ ಐತ್ರಿ. ಗಾಲ್ಯಾಗ ಗಟ್ಟಿಯಾಗಿ ಕುಂತು ಬೆಲ್ಟ್ ಚೀರಸ್ತೈತಿ."

ಗುರುಸಂಗಪ್ಪ ಗ್ಯಾರೇಜಿನ ತಗಡನ್ನು ದಿಟ್ಟಿಸತೊಡಗಿದ. ಅಮಾವಾಸ್ಯೆಗೆ ಎಲ್ಲರೂ ಗಾಡಿ ಪೂಜೆ ಮಾಡುತ್ತಾರೆ. ಬಾನೆಟ್ಟಿನ ಮೇಲೆ ಮೂರು ಬೆರಳೆಳೆದು ಮುಗಿಸುವವರು ಅವರು. ಇವನು ಬಾನೆಟ್ ಎತ್ತಿ, ಒಳಗೆ ತಿರುಗುವ ಒಂದೊಂದು ಗಾಲಿಗೂ ವಿಭೂತಿಗಟ್ಟಿ ತೇಯ್ದು ಬಳಿದು, ಮೇಲೆ ತೆಂಗಿನಕಾಯಿ ನೀರು ಚಿಮುಕಿಸುವ ಪರಮಭಕ್ತ. ಗುಬ್ಬಿ ಕೂಗತೊಡಗಿದ ಮೇಲಂತೂ ದೃಷ್ಟಿ ಕಳೆಯಲೆಂದು ಇನ್ನಷ್ಟು ದಪ್ಪಗೆ ಬಳಿದಿದ್ದ.

ಕೊಟ್ರಬಸಮ್ಮ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನ ತಮ್ಮಗ ಹೇಳಬ್ಯಾಡ" ಎಂದ ಗುರುಸಂಗಪ್ಪ, ಹುಲುಗೇಶ ಗಾಲಿಗಳನ್ನೆಲ್ಲ ಕೆರೆದು ತೊಳೆದು ಕೊಟ್ಟ ಮೇಲೆ ವಾಪಸು ಬರುವಾಗ.

"ಹೇಳಂಗಿಲ್ಲ. ನಿಮ್ಮಾಣಿ."

ಭಾನುವಾರ ಕಾರು ಚಿಗಟೇರಿಯಲ್ಲಿ ಸದ್ದಿಲ್ಲದೆ ನಿಂತಿತು. ಅಮರೇಶ ಬಾನೆಟ್ಟಿಗೆ ಕಿವಿಯಿಟ್ಟು, "ಇಷ್ಟ್ ಚೊಲೋ ಐತಿ ಅಂತ ಗೊತ್ತಿದ್ದಿಲ್ಲ ಮಾಮಾ. ನಾ ಅಂದಿದ್ದು ತಪ್ಪಾತು" ಎಂದ. ಈ ಒಂದು ಮಾತಿಗಾಗಿ ತಿಂಗಳುಗಟ್ಟಲೆ ಬೆಂದಿದ್ದ ಗುರುಸಂಗಪ್ಪನ ಕಣ್ಣು ತೇವವಾಯಿತು.

"ಮನಿಗೆ ಹಿರೇರು ನೀವು. ಗಿರಣಿ ಪೂಜಿ ನಿಮ್ಮ ಕೈಲೇ ಆಗ್ಲಿ" ಎಂದು ಅಮರೇಶ ತಟ್ಟೆ ಕೊಟ್ಟ.

ಗುರುಸಂಗಪ್ಪ ಗಂಭೀರನಾಗಿ ಮೋಟರಿನ ಮೈಗೆ ವಿಭೂತಿ ಹಚ್ಚಿದ, ಕಾಳು ಸುರಿಯುವ ಡಬ್ಬಿಗೆ ಹಚ್ಚಿದ. ಆಮೇಲೆ ಮೂರೂ ಬೆರಳು ತುಂಬ ಅದ್ದಿಕೊಂಡ ಕೈ, ರೂಢಿಯಂತೆ ತಾನೇ ತಾನಾಗಿ ಬೆಲ್ಟಿನ ದೊಡ್ಡ ಗಾಲಿಯತ್ತ ನಡೆಯಿತು.

"ಅಮರಾ, ನಿಮ್ಮ ಮಾಮಾನ ಕೈ ಹಿಡಿ" ಎಂದಳು ಕೊಟ್ರಬಸಮ್ಮ.

ಅಮರೇಶ ಗಬಕ್ಕನೆ ಹಿಡಿದ. ಸೇರಿದ್ದ ಬೀಗರೆಲ್ಲ ಕತ್ತು ಚಾಚಿದರು.

"ಯಾಕಕ್ಕಾ?"

ಆಕೆ ಗಂಡನ ಮುಖ ನೋಡಿದಳು, ತಮ್ಮನ ಹೊಸ ಗಿರಣಿಯನ್ನೂ ನೋಡಿದಳು.

"ನಾ ಹೇಳಂಗಿಲ್ಲಪ್ಪ, ಆಣಿ ಮಾಡೀನಿ. ಅವ್ರನ್ನ ಕೇಳು."

ಗುರುಸಂಗಪ್ಪ ಬಿಳಿ ಬೆರಳುಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಯಿತು. ಸೋಪಿನ ವಿಷಯವೊಂದನ್ನು ಬಿಡಲು ನೋಡಿದ. ಅದನ್ನು ಕೊಟ್ರಬಸಮ್ಮ ನೆನಪಿಸಿದಳು, ಅದಕ್ಕೆ ಆಣೆಯಿರಲಿಲ್ಲ.