ಹಿಮ್ಮೇಳದ ನಾಲ್ಕು ಮೈಕು

ಕೆ.ಆರ್. ನಗರದ ಸ್ಟುಡಿಯೋ ಗೌರೀಶ, ಭೇರ್ಯದ ಭಜನಾ ಮಂಡಳಿಯ ಹಾಡಿಗೆ ಎರಡು ಸಿ.ಡಿ. ಮಾಡಿದ್ದೇ ಎಲ್ಲಕ್ಕೂ ಮೂಲ. ಮೊದಲನೆಯದರಲ್ಲಿ ಇಡೀ ಹಾಡು. ಎರಡನೆಯದರಲ್ಲಿ ಹಾರ್ಮೋನಿಯಂ, ತಬಲ, ಒಬ್ಬೊಬ್ಬರ ದನಿ, ಎಲ್ಲವೂ ಬಿಡಿಬಿಡಿ. ಕಂಪ್ಯೂಟರಿನಲ್ಲಿ ಬೇಕಾದ್ದನ್ನು ಏರಿಸಿ, ಬೇಡದ್ದನ್ನು ಇಳಿಸಿ, ಕೇಳುಗರು ಮನೆಯಲ್ಲೇ ತಮ್ಮಿಷ್ಟದಂತೆ ಹಾಡು ಕೂಡಿಸಿಕೊಳ್ಳಬಹುದು. 2006ರಲ್ಲಿ ಊರಿನ ಎರಡೋ ಮೂರೋ ಮನೆಯಲ್ಲಿ ಕಂಪ್ಯೂಟರಿತ್ತು. ಆಸೆ ಮಾತ್ರ ಎಲ್ಲರಿಗೂ ಇತ್ತು.

ಬಿಡುಗಡೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಸುತ್ತ ವೀರಮ್ಮ ಗಂಡನಿಗೆ ಹೇಳಿದಳು: "ಸಂಜೆ ನಿಮ್ಗೆ ಶಾಲು ಹೊದಿಸ್ತಾರಂತೆ. ಪಿರಿಯಾಪಟ್ಣದಿಂದ ನಮ್ಮಣ್ಣ ಬತ್ತಾವ್ರೆ ಕಣ್ರೀ. ನಿಮ್ ದನಿ ಒಂದನ್ನೇ ಹಾಕ್ಸಿ ಕೇಳಿಸ್ತೀನಿ. ಇಪ್ಪತ್ ವರ್ಸದಿಂದ ನಿಮ್ನ ಆಡ್ಕೊಂಡ ಬಾಯಿ ಇವತ್ತು ಮುಚ್ಬೇಕು."

ವೀರಭದ್ರಸ್ವಾಮಿ ಅರ್ಧ ರೊಟ್ಟಿಗೇ ಕೈ ತೊಳೆದ. ಹಿಮ್ಮೇಳದ ನಾಲ್ವರಲ್ಲಿ ಒಬ್ಬನಾಗಿ ಇಪ್ಪತ್ತು ವರ್ಷ ಕೂತಿದ್ದರೂ ಆತ ಒಂದು ದಿನವೂ ಹಾಡಿರಲಿಲ್ಲ. ಸೇರಿದ ವಾರವೇ ಹಿರಿಯರೊಬ್ಬರು, "ನೀನು ಬಾಯಾಡ್ಸು, ಸಾಕು" ಎಂದಿದ್ದರು. ಅಂದಿನಿಂದ ಮೆಲುಕು ಹಾಕುವ ಎಮ್ಮೆಯಂತೆ ಬಾಯಾಡಿಸುತ್ತ, ಹಾಡುವುದನ್ನು ಪಕ್ಕದ ಮುದ್ದಯ್ಯನಿಗೆ ಬಿಟ್ಟಿದ್ದ.

ಹತ್ತರ ಬಸ್ಸು ಹಿಡಿದು ಕೆ.ಆರ್. ನಗರಕ್ಕೆ ಹೋದರೆ, ಹಿಮ್ಮೇಳದವನೇ ಆದ ನಿಂಗಯ್ಯ ಸ್ಟುಡಿಯೋದಿಂದ ಹೊರಬರುತ್ತಿದ್ದ.

"ಏನ್ ನಿಂಗಯ್ಯ, ಇಲ್ಲಿ?"

"ಫೋಟೊ ತೆಗ್ಸೋಕ್ ಬಂದಿದ್ದೆ ಕಣಣ್ಣ. ನೀವು?"

"ನಾನೂ ಫೋಟೊಗೇ."

ಅಲ್ಲಿ ಫೋಟೊ ತೆಗೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಗೌರೀಶಪ್ಪ, ಮಾನ ಉಳ್ಸು. ನನ್ ದನಿ ಜಾಗಕ್ಕೆ ಮುದ್ದಯ್ಯನ ದನಿ ಹಾಕ್ಬುಡು," ಎಂದು ವೀರಭದ್ರಸ್ವಾಮಿ ಕೈಮುಗಿದ.

ಗೌರೀಶ ಬಾಯಿಗೆ ಟವೆಲ್ ಒತ್ತಿಕೊಂಡ. "ಆಯ್ತು ಬುಡಣ್ಣ. ಬೆಳಿಗ್ಗೆಯಿಂದ ನಂಗೆ ಇದೇ ಕೆಲ್ಸ."

ಸಂಜೆ ಭಜನೆ ಮನೆಯ ಮುಂದೆ ಗೌರೀಶ ಕಂಪ್ಯೂಟರು, ಸ್ಪೀಕರು ಸಿದ್ಧಮಾಡಿ ಕೂತ. "ಮೊದ್ಲು ನಮ್ಮೋರ್ದು ಹಾಕಪ್ಪ," ಎಂದಳು ವೀರಮ್ಮ. ಕಂಚಿನಂಥ ದನಿ ಹೊರಟಿತು. ಎರಡನೇ ಚರಣದ ಕೊನೆಗೆ ಒಂದು ಕೆಮ್ಮು. ಅದೂ ಶ್ರುತಿಯಲ್ಲೇ ಇತ್ತೆಂದು ಅವಳು ಅಣ್ಣನ ಕಿವಿಯಲ್ಲಿ ಹೇಳಿದಳು. ಅಣ್ಣ ತಲೆದೂಗಿದ.

"ನಮ್ಮನೆಯವ್ರದೂ ಹಾಕಿ," ಎಂದಳು ನಿಂಗಯ್ಯನ ಹೆಂಡತಿ. ಅದೇ ದನಿ, ಅದೇ ಜಾಗದಲ್ಲಿ ಅದೇ ಕೆಮ್ಮು. ಹಿಮ್ಮೇಳದ ಇನ್ನೊಬ್ಬ ಮಾದೇವನದು ಹಾಕಿದರು, ಮಾದೇವನೂ ಅಲ್ಲೇ ಕೆಮ್ಮಿದ. ಮುದ್ದಯ್ಯನ ಸರದಿ ಬರುವಷ್ಟರಲ್ಲಿ ಹಿಂದಿನ ಸಾಲಿನವರು, "ಈಗ ಕೆಮ್ತಾನೆ ನೋಡ್ಲಾ," ಎನ್ನುತ್ತಿದ್ದರು. ಅವನೂ ಕೆಮ್ಮಿದ.

ವೀರಮ್ಮನ ಅಣ್ಣ ಬಗ್ಗಿ ಕೇಳಿದ: "ಭಾವ, ಕೆಮ್ಮಾದ್ರೂ ನಿಮ್ದಾ?"

"ಅದೂ ಮುದ್ದಯ್ಯನ್ದೇ," ಎಂದ ವೀರಭದ್ರಸ್ವಾಮಿ, ನೆಲ ನೋಡುತ್ತ.

"ನಾನೆಲ್ಲಿ ಹಾಡ್ತೀನಣ್ಣ?" ಎಂದ ಮುದ್ದಯ್ಯ. "ಗಂಟ್ಲು ಕೆಟ್ಟು ಹತ್ ವರ್ಸಾಯ್ತು. ನೀವು ಹಾಡ್ತೀರಿ ಅಂತ ಬಾಯಾಡಿಸ್ತಿದ್ದೆ. ಮೊದಲ್ನೇ ಬಸ್ಗೇ ಹೋಗಿ ನಿಮ್ ದನಿ ಹಾಕ್ಸ್ಕೊಂಡ್ ಬಂದೆ."

ಅಷ್ಟರಲ್ಲಿ ಧೂಪದ ಹೊಗೆಗೆ ಯಾರೋ ಕೆಮ್ಮಿದರು. ಆಗಿನಿಂದ ನಾಲ್ಕು ಸಲ ಕೇಳಿದ ಕೆಮ್ಮು. ಎಲ್ಲರೂ ಕಂಪ್ಯೂಟರಿನ ಕಡೆ ತಿರುಗಿದರು.

"ನಾಲ್ಕು ಮೈಕೂ ಖಾಲಿ ಇತ್ತು ಕಣ್ರಪ್ಪ," ಎಂದ ಗೌರೀಶ. "ಹಾಡು ಬಡವಾಗ್ಬಾರ್ದು ಅಂತ ನಾನೇ ಹಾಡಿ ಸೇರಿಸ್ದೆ."

ಶಾಲು ಗೌರೀಶನ ಹೆಗಲೇರಿತು. "ಹಿಮ್ಮೇಳದೋರು ಒಂದು ಜೈಕಾರನಾದ್ರೂ ಕೂಗ್ರಯ್ಯ," ಎಂದರು ಮಂಡಳಿಯ ಅಧ್ಯಕ್ಷರು.

ನಾಲ್ವರೂ ಎದ್ದು ಬಾಯಿ ತೆರೆದರು. ತುಟಿಗಳು ಒಟ್ಟಿಗೇ ಆಡಿದವು. ಒಬ್ಬೊಬ್ಬನೂ ಪಕ್ಕದವನು ಕೂಗುತ್ತಾನೆಂದು ಕಾದ.